ಪೆಟ್ಟಿಗೆಯೊಳಗಿನ ನೆಂಟರು

ಇರುವ ಜನರ ಮುಂದೆ ಮರ್ಯಾದೆ ಕಳೆದುಕೊಳ್ಳುವುದು ಎಲ್ಲರಿಗೂ ಬರುತ್ತದೆ. ಎಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಇಲ್ಲದ ಜನರ ಮುಂದೆ ಕಳೆದುಕೊಂಡೆ.

ಕಾರಣ ನನ್ನ ಮೊಮ್ಮಗಳು ಸಿರಿ. ಸಾಗರದಲ್ಲಿ ಡಿಗ್ರಿ ಓದುತ್ತಾಳೆ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ಕಷ್ಟ. ಆದರೆ ಇಕ್ಕೇರಿಯ ಅರಸರ ಬಗ್ಗೆ ಸೆಮಿನಾರ್ ಕೊಡಲು ನಿಂತವಳು ‘ಗುಡ್ ಮಾರ್ನಿಂಗ್’ ಆದಮೇಲೆ ಒಂದಕ್ಷರ ಹೊರಡದೆ ಮನೆಗೆ ಓಡಿಬಂದಳು. ಮೂರು ವಾರ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಊಟ ಅರ್ಧ, ಮಾತು ಕಾಲು. ಹೀಗೇ ಆದರೆ ವರ್ಷವೇ ಹೋಗುತ್ತದೆ ಎಂದು ಲೆಕ್ಚರರು ಫೋನ್ ಮಾಡಿದರು. ಡಾಕ್ಟರು ಆಂಗ್ಸೈಟಿ ಎಂದರು. ನಮ್ಮ ಹಿರಿಯರು ಸಭಾಕಂಪ ಎನ್ನುತ್ತಿದ್ದರು. ಎಂಥ ಪದ! ಭೂಕಂಪದ ತಂಗಿಯೇ ಸರಿ. ನಡುಗುವವರು ಮಾತ್ರ ಒಬ್ಬರೇ.

ತೀರ್ಥಹಳ್ಳಿಯ ನನ್ನ ಕಾನ್ವೆಂಟಿನಲ್ಲಿ ಇದಕ್ಕೊಂದು ಔಷಧವಿತ್ತು. ವೇದಿಕೆಯ ಮೇಲೆ ಪದ್ಯ ಹೇಳುವ ಎಲೊಕ್ಯೂಷನ್ ದಿನ ಸಿಸ್ಟರ್ ನನ್ನ ಕಿವಿಯಲ್ಲಿ, “ಎದುರಿಗಿರುವವರೆಲ್ಲ ಕ್ಯಾಬೇಜ್ ಅಂದುಕೋ, ಚೈಲ್ಡ್” ಎಂದರು. ನಮ್ಮ ಮಡಿ ಅಡುಗೆಮನೆಗೆ ಕ್ಯಾಬೇಜ್ ಕಾಲಿಟ್ಟದ್ದೇ ಇಲ್ಲ. ಹಾಗಾಗಿ ಪರಿಚಯದ ಮೊಗೆಕಾಯಿ ಎಂದುಕೊಂಡೆ. ಪದ್ಯ ಮರೆತುಹೋಗಿ, ಇಷ್ಟೂ ಕಾಯಿಗೆ ಹುಳಿ ಮಾಡಲು ಎಷ್ಟು ದೊಡ್ಡ ಪಾತ್ರೆ ಬೇಕು ಎಂಬ ಚಿಂತೆ ಹತ್ತಿತು.

ಈಗಿನ ಔಷಧ ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಪೆಟ್ಟಿಗೆ. ವರ್ಚುವಲ್ ರಿಯಾಲಿಟಿ! ಅದರೊಳಗೊಂದು ಕ್ಲಾಸ್‌ರೂಮಿದೆ, ಜನ ಕೂತಿರುತ್ತಾರೆ, ಅವರೆದುರು ಮಾತಾಡಿ ಅಭ್ಯಾಸವಾಗಲಿ ಎಂದಳು, ಶಿವಮೊಗ್ಗದಿಂದ ಡಾಕ್ಟರ ಕ್ಲಿನಿಕ್ಕಿಗೆ ಬರುವ ಕೌನ್ಸೆಲರ್ ಹುಡುಗಿ. ಸಿರಿ ಕುರ್ಚಿಯನ್ನು ಬಿಗಿಯಾಗಿ ಹಿಡಿದಳು.

“ಯನ್ನತ್ರ ಆಗ್ತಿಲ್ಲೆ, ಅಮ್ಮಮ್ಮ. ಮೊದ್ಲು ನೀನೇ ಹಾಕ್ಯ.”

ಹಾಕಿಕೊಂಡೆ. ಓ ಮೈ ಗಾಡ್! ಸಾಲುಸಾಲು ಅಪರಿಚಿತರು, ಕೈಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದಾರೆ. ನಮ್ಮ ಸೀಮೆಯಲ್ಲಿ ಬೆಳೆದವಳಿಗೆ, ಬಂದು ಕೂತ ಜನ ಎಂದರೆ ಒಂದೇ ಅರ್ಥ. ಸೆರಗು ಸರಿಮಾಡಿಕೊಂಡು ಕೇಳಿಯೇಬಿಟ್ಟೆ: “ಆಸ್ರಿಗೆ ಎಂತ ಅಕ್ಕು? ಕಾಫಿಯಾ, ಮಜ್ಜಿಗೆಯಾ?”

ಕಟ್ಟಿದ ಕೈ ಯಾರೂ ಬಿಡಿಸಲಿಲ್ಲ. ನಾಚಿಕೆಯ ಜನ ಎಂದುಕೊಂಡು ಇನ್ನಷ್ಟು ಒತ್ತಾಯ ಮಾಡಿದೆ.

“ಆಸ್ರಿಗೆ ಅಂದ್ರೆ ಏನು, ಮೇಡಂ?” ಕೌನ್ಸೆಲರ್ ಕೇಳಿದಳು.

“ಬಾಯಾರಿಕೆಗೆ ಕುಡಿಯೋಕೆ, ಮಗಾ. ಕೇಳದೆ ಇರೋಕಾಗತ್ತಾ?”

ಪಕ್ಕದಲ್ಲಿ ಗೊಳ್ಳನೆ ನಗು. ಮೂರು ವಾರದಿಂದ ಕೇಳದ ನಗು. ನಕ್ಕು ಸುಸ್ತಾದ ಸಿರಿ ತಾನಾಗಿಯೇ ನನ್ನ ತಲೆಯಿಂದ ಪೆಟ್ಟಿಗೆ ಬಿಚ್ಚಿ ಕಟ್ಟಿಕೊಂಡಳು. ಅವತ್ತು ಎರಡು ವಾಕ್ಯ ಹೇಳಿದಳು. ಮುಂದಿನ ವಾರ ಹತ್ತು. ಆಮೇಲೆ ಅರಸರೆಲ್ಲ ಒಬ್ಬೊಬ್ಬರಾಗಿ ಪಟ್ಟಕ್ಕೇರಿದರು.

ಕೊನೆಗೆ ನಿಜವಾದ ಸೆಮಿನಾರ್ ಬಂತು. ಸಂಜೆ ಮನೆಗೆ ಬಂದವಳೇ ಬ್ಯಾಗು ಬಿಸಾಡಿದಳು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆ.

“ಎಂತಾತೇ?”

“ಪೂರಾ ಹೇಳ್ದಿ, ಅಮ್ಮಮ್ಮ! ಒಂದು ಜನ ಕೇಳಿದ್ರೆ ಹೇಳು! ಎಲ್ಲರ ಕಣ್ಣೂ ಮೊಬೈಲ್ ಮೇಲೆ. ಹಿಂದಿನ ಬೆಂಚಿನವ ಗೊರಕೆ ಹೊಡೀತಾ ಇದ್ದ. ಆ ಪೆಟ್ಟಿಗೆ ಜನಕ್ಕೇ ಮರ್ಯಾದೆ ಇದ್ದು!”

ಜನ ತನ್ನನ್ನೇ ನೋಡುತ್ತಾರೆ ಎಂದು ನಡುಗುತ್ತಿದ್ದ ಹುಡುಗಿ, ನೋಡಲೇ ಇಲ್ಲ ಎಂದು ಜಗಳಕ್ಕೆ ನಿಂತಿದ್ದಳು. ಲೋಕಕ್ಕೆ ನಮ್ಮನ್ನು ಅಷ್ಟೊಂದು ನೋಡುವ ಪುರುಸೊತ್ತಿಲ್ಲ ಎಂಬುದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ. ಅಷ್ಟರಲ್ಲಿ ಎಷ್ಟು ಮಾತು ನುಂಗಿದ್ದೆನೋ. ಸಿರಿಗೆ ಇಪ್ಪತ್ತಕ್ಕೇ ಗೊತ್ತಾಗಿದೆ. ಸಿಟ್ಟು ಮಾಡಿಕೊಳ್ಳಲಿ ಬಿಡಿ, ಎಷ್ಟು ಚೆನ್ನಾಗಿ ಬೈಯುತ್ತಿದ್ದಾಳೆ!