ಅಣ್ಣ ನೋಡದ ರಸ್ತೆ

ನನ್ನ ಅಣ್ಣನಿಗೆ ಓದು ಹತ್ತಲಿಲ್ಲ. ಲಾರಿ ಕ್ಲೀನರ್ ಆಗಿ ಹೋದವನು ಡ್ರೈವರ್ ಆದ. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ತುಂಬಿಕೊಂಡು ಹೊರಟರೆ ಆಂಧ್ರಕ್ಕೆ ಇಳಿಸಿ, ಅಲ್ಲಿಂದ ಇನ್ನೊಂದು ಲೋಡು, ಮತ್ತೊಂದು ಲೋಡು ಎಂದು ಗುಜರಾತು, ರಾಜಸ್ಥಾನ ಸುತ್ತಿ ಊರಿಗೆ ಬರುತ್ತಿದ್ದ. ನಾನು ಎಸ್ಸೆಸ್ಸೆಲ್ಸಿ ಪಾಸು, ಸರ್ಕಾರಿ ಬಸ್ಸಿನ ಡ್ರೈವರ್. ಸಂಬಳವೂ ಇತ್ತು, ಮರ್ಯಾದೆಯೂ ಇತ್ತು. ಆದರೆ ನನ್ನ ರೂಟು ಹುಣಸೂರಿನಿಂದ ಸರಗೂರಿಗೆ, ಸರಗೂರಿನಿಂದ ಹುಣಸೂರಿಗೆ. ನಿವೃತ್ತಿಯವರೆಗೂ ಅದೇ.

ಅಣ್ಣ ಊರಿಗೆ ಬಂದನೆಂದರೆ ಟೀ ಅಂಗಡಿ ತುಂಬುತ್ತಿತ್ತು. "ಗುಜರಾತಲ್ಲಿ ರೋಡು ಹೆಂಗದೆ ಅಂದ್ರೆ, ಇಂಜಿನ್ ಮೇಲೆ ಟೀ ಲೋಟ ಮಡಗು, ಒಂದು ತೊಟ್ಟು ಚೆಲ್ಲಾಕಿಲ್ಲ ಕಣ್ರಲಾ" ಎನ್ನುತ್ತಿದ್ದ. ಜನ ಬಾಯಿ ಬಿಟ್ಟುಕೊಂಡು ಕೇಳುವರು. ನನ್ನ ರೂಟಿನ ಕೋಟೆ ಕಾಡಿನ ದಾರಿಯಲ್ಲಿ ಆನೆ ಬಸ್ಸಿಗೆ ಅಡ್ಡ ನಿಂತದ್ದನ್ನು ನಾನು ಹೇಳಹೊರಟರೆ ಅಂಗಡಿಯವನು, "ನಿಂದೇನ್ಲಾ, ಗಾಣದ ಎತ್ತು ಸುತ್ತಿದಂಗೆ" ಎಂದು ನಗುತ್ತಿದ್ದ. ಎಲ್ಲರೂ ನಗುವರು. ನಾನೂ ನಕ್ಕು ಎದ್ದು ಬರುತ್ತಿದ್ದೆ. ಹೊಟ್ಟೆಯೊಳಗೆ ಕೆಂಡ.

ಇಬ್ಬರಿಗೂ ವಯಸ್ಸಾಯಿತು. ಅಣ್ಣನ ಕಣ್ಣು ಮಂಜಾಗತೊಡಗಿತು. ನರ ಒಣಗುತ್ತಿದೆ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದರು ಡಾಕ್ಟರು. ಒಂದು ದಿನ ಅವನೇ ನನ್ನ ಜಗಲಿಗೆ ಬಂದು ಕೂತ.

"ದೇಶದ ರೋಡೆಲ್ಲ ನೋಡಿವ್ನಿ. ನಮ್ಮ ಮೈಸೂರು–ಬೆಂಗಳೂರು ಹೊಸ ರೋಡೇ ನೋಡಿಲ್ಲ ಕಣ್ಲಾ. ಕಣ್ಣು ಪೂರ್ತಿ ಹೋಗೋಕ್ ಮುಂಚೆ ಒಂದ್ಸಲ ತೋರ್ಸು."

"ಬಾ, ನನ್ನ ಟಿವಿಎಸ್‌ನಲ್ಲೇ ಕರ್ಕೊಂಡೋಯ್ತೀನಿ" ಎಂದೆ.

ಆ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಪೇಪರಿನಲ್ಲಿ ಓದಿದ್ದೆ. ಗೊತ್ತಿದ್ದೇ ಕರೆದೆ. ದೇಶವೆಲ್ಲ ಸುತ್ತಿದವನನ್ನು ನಮ್ಮದೇ ಸೀಮೆಯ ರಸ್ತೆಯಿಂದ ಯಾರಾದರೂ ಗದರಿಸಿ ಓಡಿಸಬೇಕು, ಅದನ್ನು ನಾನು ನೋಡಬೇಕು. ಅಷ್ಟೇ ನನ್ನ ಆಸೆ.

ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಲಾರಿಯಲ್ಲಿ ಸುತ್ತಿಕೊಳ್ಳುತ್ತಿದ್ದ ಟವೆಲನ್ನು ತಲೆಗೆ ಸುತ್ತಿ ಹಿಂದೆ ಕೂತ. ಮೈಸೂರು ದಾಟಿ ಹೊಸ ರಸ್ತೆಯ ಬಾಯಿಗೆ ಬಂದಾಗ ಪೊಲೀಸಿನವನು ಅಡ್ಡ ಬಂದ.

"ಏನ್ ತಾತ, ಬೋರ್ಡ್ ಕಾಣಲ್ವಾ? ಟೂವೀಲರ್ ಬಿಡಲ್ಲ ಇಲ್ಲಿ. ತಿರುಗ್ಸು ಗಾಡೀನ!"

ನಾನು ಕನ್ನಡಿಯಲ್ಲಿ ಅಣ್ಣನ ಮುಖ ನೋಡಿದೆ. ಅವನು ಇಳಿದು ಪೊಲೀಸಿನವನಿಗೆ ಕೈ ಮುಗಿದ.

"ಸಾಮಿ, ನನ್ನ ತಮ್ಮಂಗೆ ಗೊತ್ತಿರ್ನಿಲ್ಲ. ಬಯ್ಬೇಡಿ ಅವ್ನ. ಕೋಟೆ ಕಾಡಲ್ಲಿ ಆನೆ ಅಡ್ಡ ನಿಂತ್ರೆ ಲೈಟ್ ಆರಿಸಿ, ಬಸ್ ತುಂಬ ಜನಾನ ಉಸ್ರು ಬಿಡದಂಗೆ ಕೂರ್ಸಿ ಕಾಪಾಡ್ದೋನು ಇವ್ನು."

ಅಂಗಡಿಯಲ್ಲಿ ಯಾರೂ ಕೇಳಿಸಿಕೊಳ್ಳದ ಕತೆಯನ್ನು ಅವನು ಕೇಳಿಸಿಕೊಂಡಿದ್ದ. ನಾನು ಗಾಡಿ ತಿರುಗಿಸಿದೆ. "ಬುಡು, ಇನ್ನೊಂದ್ಸಲ ಬರಾನ" ಎಂದು ದಾರಿಯುದ್ದಕ್ಕೂ ನನ್ನನ್ನೇ ಸಮಾಧಾನ ಮಾಡಿದ.

ಮಾರನೆಯ ದಿನವೇ ಬಸ್ಸಿನಲ್ಲಿ ಕರೆದೊಯ್ಯಬಹುದಿತ್ತು. ಅವನ ಮುಖ ನೋಡಲು ನಾಚಿಕೆಯಾಗಿ ನಾಳೆ, ನಾಡಿದ್ದು ಎಂದು ಮುಂದೆ ಹಾಕಿದೆ. ಕೊನೆಗೆ ಈ ವರ್ಷ ಬೆಂಗಳೂರು ಬಸ್ಸು ಹತ್ತಿಸುವ ಹೊತ್ತಿಗೆ ಅವನಿಗೆ ಬೆಳಕು ಕತ್ತಲೆ ಬಿಟ್ಟು ಏನೂ ತಿಳಿಯುತ್ತಿರಲಿಲ್ಲ.

ಬಸ್ಸಿನಲ್ಲಿ ಅವನು ಕಿಟಕಿಯ ಸೀಟು ನನಗೆ ಬಿಟ್ಟ. "ನೀನು ಕೂತ್ಕೊ, ನೋಡ್ಕೊಂಡು ಹೇಳು. ಹೆಂಗದೆ?"

"ಪರ್ವಾಗಿಲ್ಲ" ಎಂದೆ. ಆಗಲೂ ಜಿಪುಣತನ. ಕುರುಡನಾದವನಿಗೂ ರಸ್ತೆಯನ್ನು ಪೂರ್ತಿ ಕೊಡಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಆ ಬೋರ್ಡು ಬಂತು, ಕೆಂಪು ಗೀಟು ಎಳೆದ ಬೈಕಿನ ಚಿತ್ರ.

"ಟೂವೀಲರ್ ಬಿಡಾಕಿಲ್ಲ ಅಂತ ಬೋರ್ಡ್ ಅದೆ ಕಣಣ್ಣ" ಎಂದೆ. "ನಾವು ಬಂದಿದ್ವಲ್ಲ, ಅವತ್ತೂ ಇತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೇ ಕರ್ಕೊಂಡು ಬಂದೆ."

ಅವನು ಮುಂದಿನ ಸೀಟಿನ ಕಂಬಿ ತಡಕಿ ಹಿಡಿದುಕೊಂಡ. ಟಯರಿನ ಸದ್ದು ಕೇಳುತ್ತಿದ್ದನೋ ಏನೋ.

"ಆಯ್ತು, ಮುಂದಕ್ಕೇನದೆ ಹೇಳ್ಲಾ" ಎಂದ.

ಹೇಳಿದೆ. ನಡುವಿನ ಹೂವಿನ ಗಿಡ, ಕಾವೇರಿ ಮೇಲಿನ ಸೇತುವೆ, ನಮ್ಮನ್ನು ಹಿಂದೆ ಹಾಕಿ ಹೋದ ಲಾರಿಗಳು, ಒಂದನ್ನೂ ಬಿಡದೆ ಹೇಳಿದೆ. ಅವನು ಟೀ ಅಂಗಡಿಯ ಜನರಂತೆ ಬಾಯಿ ಬಿಟ್ಟುಕೊಂಡು ಕೇಳಿದ. ಹೇಳುತ್ತಾ ಹೇಳುತ್ತಾ, ನನ್ನ ತಪ್ಪನ್ನು ಇಷ್ಟು ಸುಲಭವಾಗಿ ಬಿಟ್ಟುಬಿಡುವ ಮನಸ್ಸೂ ಇವನಿಗೇ ಸಿಕ್ಕಿತಲ್ಲ ಎಂದು ಹೊಟ್ಟೆ ಮತ್ತೆ ಉರಿಯಿತು.