ನೊಗದ ಎಡಗಡೆ ಖಾಲಿಯಾದ ಮೇಲೆ

ಅಂದು ನಮ್ಮ ಬೀದಿ ತಡವಾಗಿ ಎದ್ದಿತು. ದಿನವೂ ಬೆಳಕು ಹರಿಯುವ ಹೊತ್ತಿಗೆ ಮೇವಿಗಾಗಿ ಕೂಗೆಬ್ಬಿಸುತ್ತಿದ್ದ ಓಟದ ಕೋಣ ಗುಡುಗ ಅಂದು ಕೂಗಲಿಲ್ಲ. ಹಾಲಿಗೆ ಹೊರಟವರು ಧಣಿಯ ಕೊಟ್ಟಿಗೆಯೊಳಗೆ ಇಣುಕಿದರೆ, ಮಲಗಿದ ಗುಡುಗನ ಕೊಂಬಿನ ನಡುವೆ ಕೈಯಿಟ್ಟು ಅದನ್ನು ಸಾಕುವ ಆಳು ಕುಳಿತಿದ್ದರು. "ಏನಾಯ್ತಪ್ಪಾ?" ಎಂದು ಕೇಳಿದರೆ, "ಹೋದ" ಎಂದಷ್ಟೇ ಹೇಳಿದರು. ಪಕ್ಕದ ಗೂಟದಲ್ಲಿ ಜೊತೆಯ ಕೋಣ ಮೌನಿ, ಹಗ್ಗ ಬಿಗಿಯುವಷ್ಟು ಅತ್ತ ವಾಲಿ ನಿಂತಿತ್ತು.

ಈ ಆಳನ್ನು ಎಲ್ಲರೂ ಕೋಣದಣ್ಣ ಎನ್ನುತ್ತಾರೆ. ಕೊಯ್ಲು ಮುಗಿದ ಗದ್ದೆಗೆ ನೀರು ಬಿಟ್ಟು ನಡೆಸುವ ಜೋಡಿ ಕೋಣಗಳ ಓಟಕ್ಕೆ ಸುತ್ತಲಿನ ರೈತರೆಲ್ಲ ಸೇರುತ್ತಾರೆ. ಗೆದ್ದ ಜೋಡಿಯ ಧಣಿಗೆ ಹಾರ ಬೀಳುತ್ತದೆ, ಕೋಣಗಳ ಹಿಂದೆ ಓಡಿದ ಓಟಗಾರನನ್ನು ಹೆಗಲ ಮೇಲೆ ಹೊರುತ್ತಾರೆ. ವರ್ಷವಿಡೀ ಆ ಜೋಡಿಯ ಸಗಣಿ ಬಾಚಿದ ಕೋಣದಣ್ಣ ಆ ಹೊತ್ತಿಗೆ ಗದ್ದೆಯ ಆ ತುದಿಯಲ್ಲಿ, ದಣಿದ ಕೋಣಗಳ ಕಣ್ಣಿಗೆ ಸಿಡಿದ ಕೆಸರನ್ನು ತಮ್ಮ ಪಂಚೆಯ ಅಂಚಿನಿಂದ ಒರೆಸುತ್ತಿರುತ್ತಾರೆ.

ಸೂರ್ಯ ಮೂಡುವ ಮುಂಚೆ ಅವರು ಕೆರೆಯಲ್ಲಿರುತ್ತಾರೆ. ಹುಲ್ಲಿನ ಸಿಂಬಿಯಿಂದ ಕೋಣದ ಮೈ ತಿಕ್ಕಿ, ನೊಗ ಕೂರುವ ಹೆಗಲಿಗೆ ಎಣ್ಣೆ ಸವರುತ್ತಾರೆ. ಬೇಯಿಸಿದ ಕಾಳನ್ನು ಮೊದಲು ತಮ್ಮ ಮೊಣಕೈಗೆ ಮುಟ್ಟಿಸಿ ನೋಡಿ, ಬಿಸಿ ಆರಿದ ಮೇಲೆಯೇ ಗೋದಲಿಗೆ ಸುರಿಯುತ್ತಾರೆ. ಅವರ ಹೆಂಡತಿಗೆ ಇದೆಲ್ಲ ನೋಡಿ ಸಾಕಾಗಿದೆ.

"ನಾನು ಜ್ವರ ಬಂದು ಮಲಗಿದ್ರೂ ತಿರುಗಿ ನೋಡಲ್ಲ. ಕೋಣ ಒಂದು ಸಲ ಸೀನಿದ್ರೆ ತಟ್ಟೆ ಬಿಟ್ಟು ಓಡ್ತಾರೆ."

"ನೀನು ಬಾಯಿಬಿಟ್ಟು ಹೇಳ್ತೀಯ ಮಾರಾಯ್ತಿ. ಅವಕ್ಕೆ ಬಾಯಿ ಎಲ್ಲಿದೆ?"

"ನನಗೆ ಬಾಯಿ ಇದ್ದು ಏನು ಬಂತು? ನಿಮಗೆ ಕಿವಿ ಬೇಡ್ವಾ?"

ಓಟದ ಕೋಣಕ್ಕೆ ಕರುವಾಗಿದ್ದಾಗಲೇ ನೊಗದ ಒಂದು ಕಡೆ ನಿಗದಿಯಾಗುತ್ತದೆ. ಉಳುಮೆಯಲ್ಲಿಯೂ ಓಟದಲ್ಲಿಯೂ ಅದೇ ಕಡೆ. ಗುಡುಗ ಎಡಕ್ಕೆ, ಮೌನಿ ಬಲಕ್ಕೆ. ಒಂದರ ಹೆಗಲು ಇನ್ನೊಂದಕ್ಕೆ ಒರಗುವುದು ರೂಢಿಯಾಗಿಬಿಡುತ್ತದೆ. ಗುಡುಗ ಹೋದ ಮೇಲೆ ಮೌನಿ ಒಂಟಿಯಾಗಿ ನಡೆಯುವಾಗ ಎಡಕ್ಕೆ ಸರಿದು ಸರಿದು ಗೋಡೆಗೆ ಮೈ ಉಜ್ಜುತ್ತಿತ್ತು. ಚರ್ಮ ಕೆತ್ತಿಹೋಗುವುದನ್ನು ನೋಡಲಾರದೆ ಕೋಣದಣ್ಣ ತಾವೇ ಆ ಪಕ್ಕದಲ್ಲಿ ನಡೆಯತೊಡಗಿದರು.

ಓಟ ಹತ್ತಿರವಾಗುತ್ತಿತ್ತು. ಧಣಿ ಗಡಿಬಿಡಿಯಲ್ಲಿ ಹೋಗಿ ಹೊಸ ಕೋಣವೊಂದನ್ನು ಕೊಂಡು ತಂದರು.

"ಮೈಕಟ್ಟು ನೋಡಿದ್ಯಾ ಕೋಣದಣ್ಣ? ಬಂಡೆ, ಬಂಡೆ!"

"ನೋಡ್ದೆ ಧಣಿ, ಚೆನ್ನಾಗಿದ್ದಾನೆ. ಯಾವ ಕಡೆಯವನು?"

ಧಣಿ ನಾಲಿಗೆ ಕಚ್ಚಿಕೊಂಡರು. ಹಲ್ಲು, ಗೊರಸು, ಸುಳಿ ಎಲ್ಲವನ್ನೂ ನೋಡಿದ್ದರು. ಅದೊಂದನ್ನು ಕೇಳಲು ಮರೆತಿದ್ದರು. ಹೊಸಬನೂ ಬಲಗಡೆಯವನೇ.

ಆದರೂ ಅದನ್ನು ಎಡಕ್ಕೆ ಕಟ್ಟಿ ಓಡಿಸಿ ನೋಡಿದರು. ಹೊಸಬ ಹೊರಕ್ಕೆ ಎಳೆಯಿತು. ಎಂದೂ ಯಾರನ್ನೂ ಹಾಯದ ಮೌನಿ ಕೊಂಬು ತಿರುಗಿಸಿ ಅದನ್ನು ದೂಡಿತು. ಜೋಡಿ ಬದುವಿಗೆ ಬಡಿದು ನಿಂತಾಗ ಓಟಗಾರ ಕೆಸರಿನಲ್ಲಿ ಕುಳಿತಿದ್ದ. "ಇದು ಓಟ ಅಲ್ಲಣ್ಣ, ಅತ್ತೆ ಸೊಸೆ ಜಗಳ ಬಿಡಿಸಿದ ಹಾಗಿದೆ" ಎಂದು ಬಾಯಿಗೆ ಹೋದ ಕೆಸರನ್ನು ಉಗಿದ.

ಧಣಿಗೆ ನಗು ಬರಲಿಲ್ಲ. "ಮೌನಿಯನ್ನ ಕೊಟ್ಟುಬಿಡೋಣ" ಎಂದರು. ವಯಸ್ಸಾದ, ಜೊತೆಯಿಲ್ಲದ ಕೋಣವನ್ನು ಮಾಂಸಕ್ಕಲ್ಲದೆ ಬೇರೆ ಯಾರೂ ಕೊಳ್ಳುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಈ ಓಟ ಒಂದು ಮುಗೀಲಿ ಧಣಿ" ಎಂದರು ಕೋಣದಣ್ಣ. "ನೇರ ಓಡದಿದ್ರೆ ನಾನೇ ಹಗ್ಗ ಬಿಚ್ಚಿ ಕೊಡ್ತೀನಿ."

ಹಾಗೆ ಹೇಳಿಬಿಟ್ಟರೇ ಹೊರತು, ಮಾಡುವುದೇನೆಂದು ಅವರಿಗೂ ತೋಚಿರಲಿಲ್ಲ. ಒಂದು ಬೆಳಗ್ಗೆ ಕೆರೆಯಿಂದ ಬಂದ ಮೌನಿ ತನ್ನ ಗೂಟಕ್ಕೆ ಹೋಗದೆ ಗುಡುಗನ ಗೂಟದ ಬಳಿ ನಿಂತಿತು. ಎಳೆದು ತಂದು ಕಟ್ಟಿದರು. ಮರುದಿನವೂ ಅದು ಅಲ್ಲಿಗೇ ಹೋಯಿತು. "ಸರಿಯಪ್ಪ, ನಿನ್ನಿಷ್ಟ" ಎಂದು ಅಲ್ಲಿಯೇ ಕಟ್ಟಿದರು. ಆ ಮಧ್ಯಾಹ್ನ ನೊಗದ ಎಡಗಡೆಗೂ ಅದನ್ನೇ ನಿಲ್ಲಿಸಿ, ಬಲಕ್ಕೆ ಹೊಸಬನನ್ನು ಕಟ್ಟಿದರು. ಮೌನಿ ಕೊಂಬು ತಿರುಗಿಸಲಿಲ್ಲ.

ಆದರೆ ಹಳೆಯ ರೂಢಿ ಅಷ್ಟು ಬೇಗ ಬಿಡುತ್ತದೆಯೇ? ಮೌನಿ ಎಡಕ್ಕೇ ವಾಲುತ್ತಿತ್ತು, ಅಲ್ಲಿ ಈಗ ಒರಗಲು ಯಾರೂ ಇಲ್ಲ. ಕೋಣದಣ್ಣ ಆ ಪಕ್ಕಕ್ಕೆ ತಮ್ಮ ಭುಜ ಕೊಟ್ಟು, ಒಳಕ್ಕೆ ಒತ್ತುತ್ತಾ, ಮೊಣಕಾಲುದ್ದ ಕೆಸರಿನಲ್ಲಿ ಬೆಳಗ್ಗೆ ಸಂಜೆ ನಡೆದರು. ದಿನ ಕಳೆದಂತೆ ಭುಜವನ್ನು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿದರು. "ಕೋಣ ನೆಟ್ಟಗಾಯ್ತು, ನೀವು ಸೊಟ್ಟಗಾದಿರಿ. ಮನೇಲೂ ವಾಲ್ಕೊಂಡೇ ನಡೀತೀರಲ್ಲ!" ಎಂದು ಹೆಂಡತಿ ಅವರ ಭುಜಕ್ಕೆ ಬಿಸಿನೀರಿನ ಬಟ್ಟೆ ಒತ್ತಿದರು.

ಓಟದ ದಿನ ಜೋಡಿ ಮೊದಲ ಸುತ್ತಿನಲ್ಲಿಯೇ ಸೋತಿತು. ಚಪ್ಪಾಳೆಯೆಲ್ಲ ಪಕ್ಕದ ಗದ್ದೆಯಲ್ಲಿ ಓಡಿ ಗೆದ್ದ ಜೋಡಿಗೆ ಹೋಯಿತು. ಆದರೆ ಈ ತುದಿಯಿಂದ ಆ ತುದಿಗೆ ಮೌನಿ ಹಗ್ಗ ಹಿಡಿದಂತೆ ನೇರ ಓಡಿತ್ತು. ಧಣಿ ಬದುವಿನಿಂದ ಇಳಿದು ಬಂದು, ಏದುಸಿರು ಬಿಡುತ್ತಿದ್ದ ಕೋಣದ ಬೆನ್ನ ಮೇಲೆ ಬಹಳ ಹೊತ್ತು ಕೈಯಿಟ್ಟು ನಿಂತರು.

"ಹೊಡ್ಕೊಂಡು ಹೋಗು ಕೋಣದಣ್ಣ. ಹೊಟ್ಟೆ ತುಂಬ ಮೇವು ಹಾಕು. ಉಳುಮೆಗೆ ಬೇಕು ಇವನು."

ಕೋಣದಣ್ಣ ನೊಗ ಬಿಚ್ಚಿ ಜೋಡಿಯನ್ನು ಹೊರಡಿಸಿದರು. ಗುಡುಗನನ್ನು ಮಣ್ಣು ಮಾಡಿದ ಬದುವಿನ ಮೇಲೆಯೇ ಮನೆಯ ದಾರಿ. ಅಲ್ಲಿ, ಜೊತೆಗೆ ನಡೆಯುತ್ತಿದ್ದ ನಮ್ಮೊಡನೆ ತಾವಾಗಿಯೇ ಮಾತು ತೆಗೆದರು. "ಗೆಳೆಯನ ಜಾಗದಲ್ಲಿ ಇನ್ನೊಬ್ಬ ನಿಲ್ಲೋದು ಇವನಿಗೆ ಸೇರಲಿಲ್ಲ. ತಾನೇ ಹೋಗಿ ನಿಂತ. ನಾನು ಮಾಡಿದ್ದೇನಿದೆ? ಪಕ್ಕದಲ್ಲಿ ನಡೆದೆ, ಅಷ್ಟೆ."

ಭಗವಂತಾ, ಗುಡುಗನಿಗಾಗಿ ನಮ್ಮ ಬೀದಿಯ ಬೇಡಿಕೆ ಇಷ್ಟೆ. ಹೊಲ ಉತ್ತು ನಮಗೆ ಅನ್ನ ಕೊಟ್ಟು, ಯಾರಿಗೂ ಕೇಡು ಬಗೆಯದೆ ಹೊರಟುಹೋದ ಜೀವ ಅದು. ಮಾತು ಬಾರದ್ದೆಂದು ಅದರ ಲೆಕ್ಕ ಬಿಡಬೇಡ. ನಿನ್ನ ಪಾದದ ನೆರಳಿನಲ್ಲಿ ಗುಡುಗನಿಗೆ ಶಾಂತಿ ಕೊಡು. ಅವನ ಹೆಗಲ ಮೇಲೆ ಇನ್ನು ನೊಗವಿಡಬೇಡ.