ಅರವತ್ತಕ್ಕೆ ಫೇಲು

ಬೇಸಿಗೆ ಸೂಟಿ ಬಿದ್ದ ಮರುದಿನ ಇಂಡಿ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸಿಗಾಗಿ ಕಾಯುತ್ತ ಕೂತಿದ್ದೆ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಮೊಬೈಲು. ಬಸ್ಸು ತಡವಾದರೆ ಮನುಷ್ಯ ನೋಡಬಾರದ್ದನ್ನೆಲ್ಲ ನೋಡುತ್ತಾನೆ. ನನ್ನ ಕಣ್ಣಿಗೆ ಬಿದ್ದದ್ದು ಒಂದು ಪಟ್ಟಿ: ಆಡಿ ಹೊತ್ತು ಹಾಳು ಮಾಡಿಕೊಳ್ಳಬಾರದ ಹತ್ತು ವಿಡಿಯೋ ಗೇಮುಗಳು. ಏಳನೆಯದರ ಚಿತ್ರ ನೋಡಿದ್ದೇ ತಡ, ಮೈ ಉರಿಯಿತು. ಅದು ನನ್ನ ಅಕ್ಕನ ಆಟ. ಕೆಳಗೆ ಎರಡು ಸಾಲು ಬೈಗುಳ, ಅದಕ್ಕೆ ಪುರಾವೆಯಾಗಿ ಆ ಆಟ ಆಡಿದವರೇ ಬರೆದದ್ದೆಂದು ಒಂದು ವಾಕ್ಯ. ಯಾವ ದರಿದ್ರದವನು ಈ ವಾಕ್ಯ ಬರೆದವನು ಎಂದು ಬಾಯಿಬಿಟ್ಟೇ ಬೈದೆ. ಪಕ್ಕದಲ್ಲಿ ಕೂತಿದ್ದ ಹಲಸಂಗಿಯ ಹಿರಿಯರೊಬ್ಬರು ತಮ್ಮ ಚೀಲವನ್ನು ಆಚೆ ಸರಿಸಿಕೊಂಡರು.

ನಲವತ್ತೆಂಟು ವರ್ಷದ ಹೈಸ್ಕೂಲು ಇಂಗ್ಲಿಷ್ ಮಾಸ್ತರ ಒಂದು ಜಪಾನಿ ಕಾರ್ಟೂನಿನ ಹೊಡೆದಾಟದ ಆಟಕ್ಕಾಗಿ ಇಷ್ಟು ಸಿಟ್ಟಾಗುವುದೇ ಎಂದು ನೀವು ನಗಬಹುದು. ನಗಿರಿ. ಅಕ್ಕನ ಸಂಗತಿ ಕೇಳಿದ ಮೇಲೂ ನಗು ಬಂದರೆ ಆಗ ಮಾತಾಡೋಣ.

ನನ್ನ ಅಕ್ಕ ಸುಶೀಲಾ ಸಿಂದಗಿಯ ತಹಶೀಲ್ದಾರ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ನಡೆಸುತ್ತಾಳೆ. ಹೊಲದ ಉತಾರ ತೆಗೆದುಕೊಡುವುದು, ಜಾತಿ-ಆದಾಯದ ಅರ್ಜಿ ತುಂಬುವುದು, ಲ್ಯಾಮಿನೇಶನ್ ಮಾಡುವುದು ಅವಳ ಕೆಲಸ. ಮಧ್ಯಾಹ್ನ ಕಚೇರಿಯವರು ಊಟಕ್ಕೆ ಎದ್ದರೆ ಯಂಕಂಚಿಯಿಂದ ಬಂದವರೂ ಸುತ್ತಲಿನ ಹಳ್ಳಿಗಳಿಂದ ಬಂದವರೂ ಬೇವಿನ ನೆರಳಿಗೆ ಹೋಗಿ ಬುತ್ತಿ ಬಿಚ್ಚುತ್ತಾರೆ. ಆಗ ಅಕ್ಕನಿಗೆ ಎರಡು ತಾಸು ಬಿಡುವು. ಆರು ವರ್ಷದ ಹಿಂದೆ ಆ ಎರಡು ತಾಸಿನಲ್ಲೇ ಅವಳು ಈ ಆಟ ಹಿಡಿದದ್ದು.

ಅದರ ಕಾರ್ಟೂನನ್ನು ಅವಳು ಮೊದಲೇ ಟೀವಿಯಲ್ಲಿ ಹಿಂದಿಯಲ್ಲಿ ನೋಡಿದ್ದಳು. ಅದರಲ್ಲಿ ಅಂಬಲಿ ಕಾಯಿಸುವ ದಪ್ಪನೆಯ ಮುದುಕಿಯೊಬ್ಬಳು ಬರುತ್ತಾಳೆ. ಇಡೀ ಕಥೆಯಲ್ಲಿ ಒಂದೇ ಸಲ ಹೊಡೆದಾಡಿ ಸೋಲುತ್ತಾಳೆ. ಅಕ್ಕ ಅವಳಿಗೆ ಅಂಬಲಿ ಆಯಿ ಎಂದು ಹೆಸರಿಟ್ಟಿದ್ದಳು. ಆ ಕಾರ್ಟೂನಿನವರನ್ನೆಲ್ಲ ಒಂದು ಅಖಾಡಕ್ಕೆ ಇಳಿಸಿ, ನಮಗೆ ಬೇಕಾದವರನ್ನು ಆರಿಸಿಕೊಂಡು ಎದುರಾಳಿಯ ಸುತ್ತ ಓಡಾಡುತ್ತ ಹೊಡೆದಾಡುವುದು ಈ ಆಟ. ನಲವತ್ತು ಮಂದಿ ಕತ್ತಿ, ಬೆಂಕಿ, ಸಿಡಿಲು ಹಿಡಿದು ನಿಂತಿರುವಾಗ ಅಕ್ಕ ಬರಿಗೈಯ ಅಂಬಲಿ ಆಯಿಯನ್ನೇ ಆರಿಸಿದಳು. ತಿಂಗಳುಗಟ್ಟಲೆ ಬೇರೆ ಯಾರನ್ನೂ ಮುಟ್ಟಲಿಲ್ಲ.

ಯಾಕೆಂದರೆ ಆಯಿ ನಿಲ್ಲುವ ರೀತಿ ನಮ್ಮ ಅಪ್ಪನದು. ಅಪ್ಪ ತಾಂಬಾದಲ್ಲಿ ಪೈಲ್ವಾನರ ತಾಲೀಮು, ಅಂದರೆ ಗರಡಿಮನೆ, ನಡೆಸುತ್ತಿದ್ದರು. ಎಡಗಾಲು ಮುಂದೆ, ಸೊಂಟ ತಗ್ಗು, ತೊಡೆ ತಟ್ಟಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಲ್ಲುವುದು. ಅವರ ತಾಲೀಮಿನಲ್ಲಿ ಒಂದು ಕಾಯದೆ ಇತ್ತು. ಸುತ್ತ ಕೂತವರು ಯಾರಾದರೂ ಕುಸ್ತಿಯ ತಪ್ಪು ಎಣಿಸತೊಡಗಿದರೆ ಅಪ್ಪ ಒಂದು ಹಿಡಿ ಕೆಂಪು ಮಣ್ಣನ್ನು ಅವರ ಮುಂದೆ ಹಿಡಿಯುತ್ತಿದ್ದರು. ಮೈಗೆ ಹಚ್ಚಿಕೊಂಡು ಇಳಿ, ಆಮೇಲೆ ಮಾತಾಡು ಎಂದು ಅದರ ಅರ್ಥ. ಎಂಥ ದೊಡ್ಡ ಬಾಯಿಯವರೂ ಅಲ್ಲಿಗೆ ತಣ್ಣಗಾಗುತ್ತಿದ್ದರು.

ಹೆಣ್ಣುಮಕ್ಕಳು ತಾಲೀಮಿನ ಹೊಸ್ತಿಲು ದಾಟುವಂತಿರಲಿಲ್ಲ. ಅಕ್ಕ ಹೊರಗೆ ಕಿಟಕಿಗೆ ಜೋತುಬಿದ್ದು ನೋಡಿ ನೋಡಿ ಪ್ರತಿಯೊಂದು ಪಟ್ಟನ್ನೂ ಕಲಿತಿದ್ದಳು. ಒಳಗೆ ಇಳಿದಿದ್ದ ನನಗೆ ಅದರ ಅರ್ಧವೂ ಬರುತ್ತಿರಲಿಲ್ಲ. ಆದರೆ ಊಟದ ಹೊತ್ತಿಗೆ ಅವಳು ಕುಸ್ತಿಯ ಮಾತು ತೆಗೆದರೆ ಅಪ್ಪ ನಗುತ್ತ, "ನಿನ್ನ ಮೈಗೆ ಮಣ್ಣ ಎಲ್ಲೈತೆವ್ವಾ?" ಎನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು, ಅಕ್ಕನ ಬಾಯಿ ಮಾತ್ರ ಮುಚ್ಚುತ್ತಿತ್ತು. ಐವತ್ತು ದಾಟಿದ ಮೇಲೆ ಅವಳಿಗೊಂದು ಅಖಾಡ ಸಿಕ್ಕಿತು. ಈ ಮಾತು ನೆನಪಿಟ್ಟುಕೊಂಡು ಮುಂದಿನದನ್ನು ಕೇಳಿ.

ಆ ಆಟ ಬಂದಾಗ ದೊಡ್ಡ ದೊಡ್ಡ ವಿಮರ್ಶಕರೆಲ್ಲ ಇಂಟರ್‌ನೆಟ್ಟಿನಲ್ಲಿ ಅದನ್ನು ತೂರಿಬಿಟ್ಟರು. ಎಲ್ಲರೂ ಒಂದೇ ಥರ ಹೊಡೆದಾಡುತ್ತಾರಂತೆ. ಕಥೆಯನ್ನು ಅಲುಗಾಡದ ಚಿತ್ರಗಳಲ್ಲಿ ಹೇಳಿ ಕೈತೊಳೆದುಕೊಂಡಿದ್ದಾರಂತೆ. ಗೋಡೆಗೆ ಒತ್ತಿದಾಗ ಕ್ಯಾಮೆರಾ ದಿಕ್ಕು ತಪ್ಪುತ್ತದಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಎಲ್ಲಕ್ಕಿಂತ ಹೆಚ್ಚು ಉರಿಸಿದ ಮಾತು, ಇದು ಆ ಕಾರ್ಟೂನಿನ ಅಭಿಮಾನಿಗಳಿಗೆ ಮಾತ್ರ ಎಂಬುದು. ಶೇಂಗಾ ಹೋಳಿಗೆ ಶೇಂಗಾ ತಿನ್ನುವವರಿಗೆ ಮಾತ್ರ ಎಂದು ಯಾರಾದರೂ ಅದರ ಅಂಕ ಕಳೆಯುತ್ತಾರೆಯೇ? ಅಂಬಲಿ ಆಯಿಯ ಹೆಸರನ್ನು ಅವರಲ್ಲಿ ಒಬ್ಬನೂ ಎತ್ತಿರಲಿಲ್ಲ. ನಾನು ಪ್ರತಿ ವರ್ಷ ವಿಜಯಪುರಕ್ಕೆ ಮೌಲ್ಯಮಾಪನಕ್ಕೆ ಹೋಗುವವನು. ಅಲ್ಲಿ ಹುಡುಗ ಕೊನೆಯ ಹಾಳೆಯ ಮೂಲೆಯಲ್ಲಿ ಗೀಚಿದ್ದನ್ನೂ ಓದಬೇಕು, ಹಾಳೆ ತಿರುವದೆ ಅಂಕ ಹಾಕಿದವನಿಗೆ ನೋಟೀಸು ಬರುತ್ತದೆ. ಈ ಮಹಾಶಯರಿಗೆ ನೋಟೀಸು ಕೊಡುವವರು ಯಾರು?

ಅವರೆಲ್ಲರ ಅಂಕ ಕೂಡಿಸಿ ಸರಾಸರಿ ತೆಗೆದರೆ ನೂರಕ್ಕೆ ಅರವತ್ತು ಬಂದಿತ್ತು. ಅಕ್ಕ ಆ ಅರವತ್ತನ್ನು ನೋಡಿ ಹಿಗ್ಗಿಹೋದಳು. ನಮ್ಮ ಕಡೆ ಅರವತ್ತು ಎಂದರೆ ಫಸ್ಟ್ ಕ್ಲಾಸು, ಗೊತ್ತಲ್ಲ? ಮೂವತ್ತೈದಕ್ಕೆ ಪಾಸಾದವನ ಮನೆಯಲ್ಲೂ ಸಕ್ಕರೆ ಹಂಚುವ ಊರು ನಮ್ಮದು. ಅವಳು ಪೇಡೆ ತರಿಸಿ ತನ್ನ ಸಾಲಿನ ಅಂಗಡಿಗಳಿಗೆಲ್ಲ ಹಂಚಿದಳು. ಆ ಗೇಮುಗಳ ಲೋಕದಲ್ಲಿ ಎಂಬತ್ತು ಬಂದರೆ ಸುಮಾರು, ಅರವತ್ತು ಎಂದರೆ ಫೇಲು ಎಂಬುದು ನನಗೆ ಆಗಲೇ ತಿಳಿದಿತ್ತು. ಅರವತ್ತಕ್ಕೆ ಫೇಲು ಮಾಡುವ ಶಾಲೆಯನ್ನು ಯಾವ ಪುಣ್ಯಾತ್ಮ ಕಟ್ಟಿದನೋ ಕಾಣೆ. ಅಕ್ಕನಿಗೆ ನಿಜ ಹೇಳುವ ಮನಸ್ಸಾಗದೆ ಎರಡು ಪೇಡೆ ತಿಂದು ಬಂದೆ.

ಸುಮ್ಮನಿದ್ದದ್ದು ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕೆಲವು ದಿನಗಳ ಮೇಲೆ ಅಕ್ಕ ತಾನೇ ಒಂದು ವಿಮರ್ಶೆ ಬರೆದಳು, ಕನ್ನಡದಲ್ಲಿ, ಅರ್ಜಿ ಹಾಳೆಗಳ ಹಿಂಬದಿಯಲ್ಲಿ ಮೂರು ಪುಟ. ಅದರ ಮುಕ್ಕಾಲು ಪಾಲು ಅಂಬಲಿ ಆಯಿಯದೇ. ಮಿಕ್ಕವರು ಏಟು ಬಿದ್ದರೆ ಹಾರಿಹೋಗುತ್ತಾರೆ, ಆಯಿ ಮಾತ್ರ ಮೊಣಕಾಲೂರಿ ನೆಲ ಹಿಡಿಯುತ್ತಾಳೆ, ಅಲ್ಲಿಂದ ಎದುರಾಳಿಯ ಪಾದ ಕೈಗೆ ಸಿಗುತ್ತದೆ, ಇದನ್ನು ಮಾಡಿದವನಿಗೆ ಕುಸ್ತಿ ಗೊತ್ತು ಎಂದು ಬರೆದಿದ್ದಳು. ಹತ್ತಕ್ಕೆ ಒಂಬತ್ತು. ಆಡಿದವರ ಅಭಿಪ್ರಾಯ ಹಾಕುವ ತಾಣವೊಂದಕ್ಕೆ ಇದನ್ನು ಇಂಗ್ಲಿಷಿನಲ್ಲಿ ಕಳಿಸಿಕೊಡು ಎಂದು ನನ್ನ ಕೈಗೆ ಕೊಟ್ಟಳು. ಮೈಗೆ ಮಣ್ಣು ಎಲ್ಲಿದೆ ಎಂದು ಅಪ್ಪ ಕೇಳುತ್ತಿದ್ದ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಅದು.

ನಾನು ಏನು ಮಾಡಿದೆ? ಕೆಂಪು ಪೆನ್ನು ಹಿಡಿದು ಅಭ್ಯಾಸವಾದ ಕೈ. ಮುಖ್ಯ ಪರೀಕ್ಷಕರ ಅಂಕಕ್ಕೂ ನಮ್ಮದಕ್ಕೂ ತೀರ ಅಂತರ ಬಂದರೆ ನಮ್ಮದನ್ನು ಇಳಿಸುವುದು ರೂಢಿ. ಅಷ್ಟು ಮಂದಿ ಬಲ್ಲವರು ಒಂದು ಹೇಳಿರುವಾಗ ಸಿಂದಗಿಯ ಝೆರಾಕ್ಸ್ ಅಂಗಡಿಯಿಂದ ಒಂಬತ್ತು ಹೋದರೆ ನಗೆಗೀಡಾಗುತ್ತದೆ ಎನ್ನಿಸಿತು. ಮೂರು ಪುಟವನ್ನು ಏಳು ಸಾಲು ಮಾಡಿದೆ. ಮುದುಕಿಯ ಮಾತು ಕತ್ತರಿಸಿದೆ. ಒಂಬತ್ತನ್ನು ಆರು ಮಾಡಿದೆ. ಅಕ್ಕನಿಗೆ ಮಾತ್ರ, ಆರು ಎಂದರೆ ಅರವತ್ತು, ಫಸ್ಟ್ ಕ್ಲಾಸೇ ಎಂದೆ. ಅವಳು ಅದನ್ನು ಪ್ರಿಂಟು ತೆಗೆದು, ಲ್ಯಾಮಿನೇಶನ್ ಮಾಡಿ, ಅಂಗಡಿಯ ಗೋಡೆಗೆ ಹಚ್ಚಿದಳು.

ಈಗ ಬಸ್‌ಸ್ಟ್ಯಾಂಡಿನ ಆ ವಾಕ್ಯಕ್ಕೆ ಬರುತ್ತೇನೆ. ಬಸ್ಸು ತಾಂಬಾ ದಾಟುವಾಗ ಮತ್ತೊಮ್ಮೆ ಪಟ್ಟಿ ತೆಗೆದು ಓದಿದೆ. 'ಅಭಿಮಾನಿಯಾದ ನಾನೂ ಒಪ್ಪಲೇಬೇಕು, ಇದರಲ್ಲಿ ಎಲ್ಲರೂ ಒಂದೇ ಥರ ಹೊಡೆದಾಡುತ್ತಾರೆ.' ಇಂಗ್ಲಿಷು ಬಹಳ ಶುದ್ಧವಾಗಿತ್ತು. ಶುದ್ಧವಾಗಿರದೆ ಏನು, ಅದು ನನ್ನದೇ. ಅಕ್ಕನ ಮೂರು ಪುಟ ಕತ್ತರಿಸಿ ತೇಪೆ ಹಾಕುವಾಗ ನಾನೇ ಸೇರಿಸಿದ ಸಾಲು. ಬೆಳಿಗ್ಗೆಯಿಂದ ನಾನು ಬೈಯುತ್ತಿದ್ದ ದರಿದ್ರದವನು ಸಿಂದಗಿಯವರೆಗೂ ನನ್ನ ಸೀಟಿನಲ್ಲೇ ಕೂತು ಬಂದ.

ಅಂಗಡಿಗೆ ಹೋದವನೇ ಗೋಡೆಯತ್ತ ಕೈ ಮಾಡಿ, "ಅಕ್ಕಾ, ಆ ಹಾಳಿ ತಗಿ. ಅದರಾಗ ನಿನ್ನ ಮಾತ ಇಲ್ಲ" ಎಂದೆ.

ಅವಳು ಯಾರದೋ ಆಧಾರ್ ಕಾರ್ಡನ್ನು ಝೆರಾಕ್ಸ್ ಯಂತ್ರದ ಮೇಲೆ ಇಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಗೊತ್ತೈತಿ ತಮ್ಮಾ. ದಿನಾ ಇಂಗ್ಲಿಷ್ ಫಾರ್ಮ್ ಓದಿ ತುಂಬಾಕಿ ನಾ. ಬರಿಯಾಕ ಬರೂದಿಲ್ಲ, ಓದಾಕ ಬರ್ತೈತಿ. ಅಂಬಲಿ ಆಯಿ ಎಲ್ಲಿ ಹೋದ್ಲು ಅಂತ ಅವತ್ತ ಹುಡುಕಿದ್ನಿ."

"ಮತ್ತ ಗ್ವಾಡಿಗೆ ಯಾಕ ಹಚ್ಚಿದಿ?"

"ನೀ ಬಂದಾಗೊಮ್ಮೆ ಕಣ್ಣಿಗೆ ಬೀಳ್ಲಿ ಅಂತ. ಆರು ವರ್ಷ ಆತು, ಒಮ್ಮೆನೂ ಆ ಕಡಿ ನೋಡ್ಲಿಲ್ಲ ನೀ."

ನಿನ್ನ ಬರಹವನ್ನು ಇದ್ದದ್ದು ಇದ್ದಂತೆ ಈಗಲೇ ಕಳಿಸುತ್ತೇನೆ ಎಂದೆ. ಅವಳು ಕಂಪ್ಯೂಟರಿನ ಮುಂದಿನ ಕುರ್ಚಿ ಎಳೆದಳು.

"ಆ ವಿಮರ್ಶಕರು ಹತ್ತ ತಾಸಾದ್ರೂ ಆಡಿ ಬೈದಾರ. ನೀ ಒಂದ ಸಲಾನೂ ಕುಂಡ್ರಲಿಲ್ಲ. ಮೊದಲ ಕುಂಡ್ರು."

ಕುಳಿತೆ. ಸೂಟಿಯ ಮಧ್ಯಾಹ್ನಗಳನ್ನೆಲ್ಲ ಅಲ್ಲೇ ಕಳೆದೆ. ಮೊದಲ ವಾರ ನನಗೆ ಗುಂಡಿಗಳೇ ತಿಳಿಯಲಿಲ್ಲ, ಅಕ್ಕ ಎಡಗೈಯಲ್ಲಿ ಆಡಿ ಸೋಲಿಸಿದಳು. ಎರಡನೆಯ ವಾರ ಆಯಿಯ ಪಟ್ಟು ಕೈಗೆ ಹತ್ತಿತು. ಅಕ್ಕ ಬರೆದದ್ದು ಅಕ್ಷರಶಃ ನಿಜ. ಕ್ಯಾಮೆರಾ ದಿಕ್ಕು ತಪ್ಪುವುದೂ ನಿಜ. ಗೋಡೆಯ ಹತ್ತಿರ ನಾನು ಎಷ್ಟೋ ಸಲ ಕುರುಡನಂತೆ ಹೊಡೆಸಿಕೊಂಡೆ. ಕಥೆಯ ಚಿತ್ರಗಳೂ ಬೇಸರ ತರಿಸುತ್ತವೆ.

ನಿನ್ನೆ ಮೊದಲು, ಅಕ್ಕ ಅಂದೇ ಝೆರಾಕ್ಸ್ ತೆಗೆದಿಟ್ಟಿದ್ದ ತನ್ನ ಮೂರು ಪುಟವನ್ನು ಕನ್ನಡದಲ್ಲೇ, ಒಂಬತ್ತು ಅಂಕದ ಸಮೇತ ಆ ತಾಣಕ್ಕೆ ಹಾಕಿದೆವು. ಆಮೇಲೆ ನನ್ನದನ್ನು ಬರೆದೆ. ಆಯಿಗೆ ಒಂದು ಪುಟ, ಕ್ಯಾಮೆರಾಕ್ಕೆ ಅರ್ಧ ಪುಟ. ಕೊನೆಗೆ ಮನಸ್ಸು ಗಟ್ಟಿ ಮಾಡಿ ಹತ್ತಕ್ಕೆ ಏಳು ಹಾಕಿ ಅಕ್ಕನ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಏಳನ್ನು ನೋಡಿದಾಗ ಅವಳ ಮುಖ ಬಿಗಿಯಾಯಿತು. ಬೆರಳು ಅಂಕಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಂದಕ್ಷರವನ್ನೂ ಬದಲಿಸದೆ ಕಳಿಸಿದಳು.